ಕಾಟಾದ ತೂಕ ರೈತರಿಗೆ ಕಾಣುವ ಹಾಗೆ ದೊಡ್ಡ ಡಿಸ್‌ಪ್ಲೇ ಮೇಲೆ ತರಬೇಕು, ಆರ್ಡುಯಿನೊಗೆ ಹೇಗೆ ಜೋಡಿಸಲಿ?

ಬ್ಯಾಡಗಿ_ಅಂಗಡಿ

ಎಲ್ಲರಿಗೂ ನಮಸ್ಕಾರ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೇನೆ. ಸದ್ಯ ಬ್ಯಾಡಗಿಯಲ್ಲಿ ಸೋದರಮಾವನ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ಸೋಮವಾರ, ಗುರುವಾರ ಪೇಟೆ. ಸೀಸನ್ ಬಂತು ಅಂದರೆ ಕಾಟಾ ಮೇಲೆ ಚೀಲ ಏರುವುದು ನಿಲ್ಲುವುದೇ ಇಲ್ಲ. ನಮ್ಮದು 300 ಕಿಲೋದ ಪ್ಲಾಟ್‌ಫಾರ್ಮ್ ಕಾಟಾ. ಅದರ ಇಂಡಿಕೇಟರ್, ಅಂದರೆ ಅಂಕಿ ತೋರಿಸುವ ಪೆಟ್ಟಿಗೆ, ತೂಕ ಬರೆಯುವವರ ಕಡೆ ಮುಖ ಮಾಡಿದೆ. ರೈತರು ಆಚೆ ಕಡೆ ಚೀಲದ ಹಿಂದೆ ನಿಂತಿರುತ್ತಾರೆ, ಅವರಿಗೆ ಅಂಕಿ ಕಾಣುವುದಿಲ್ಲ.

ಹೋದ ಗುರುವಾರ ಒಬ್ಬ ಅಜ್ಜ ಬಂದಿದ್ದರು. ಹದಿನೇಳು ಚೀಲ. ಒಂದೊಂದು ಚೀಲ ಏರಿಸಿದಾಗಲೂ ಕಾಟಾ ಸುತ್ತಿ ಈಚೆ ಬಂದು, ಬಿಸಿಲಿಗೆ ಕೈ ಅಡ್ಡ ಹಿಡಿದು ಅಂಕಿ ನೋಡಿ, ಮತ್ತೆ ಆಚೆ ಹೋಗುತ್ತಿದ್ದರು. ಹದಿನೇಳು ಸಲ. ವರ್ಷವಿಡೀ ಬೆಳೆದ ಮಾಲಿನ ತೂಕ ನೋಡಲಿಕ್ಕೆ ಅಷ್ಟು ತಿರುಗಬೇಕಾ ಅಂತ ಅನ್ನಿಸಿತು. ಮಾವನಿಗೆ ಹೇಳಿದೆ, ಆಚೆ ಕಡೆ ಒಂದು ದೊಡ್ಡ ಡಿಸ್‌ಪ್ಲೇ ಹಾಕೋಣ ಅಂತ. ಮಾಡು ಅಂದರು.

ಇಂಡಿಕೇಟರ್ ಹಿಂದೆ ಒಂಬತ್ತು ಪಿನ್ನಿನ ಪೋರ್ಟ್ ಇದೆ. ಅದರ 2ನೇ ಪಿನ್ ಆರ್ಡುಯಿನೊ ಊನೊದ (ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಬೋರ್ಡ್) ಪಿನ್ 0ಗೆ, 3ನೇದು ಪಿನ್ 1ಕ್ಕೆ, 5ನೇದು ಗ್ರೌಂಡ್‌ಗೆ ಕೊಟ್ಟಿದ್ದೇನೆ. ಮೊದಲು ಪರೀಕ್ಷೆಗೆ ಅಂತ 16×2 ಎಲ್‌ಸಿಡಿ, ಹಿಂದೆ ಐ2ಸಿ (ಎರಡೇ ವೈರ್‌ನಲ್ಲಿ ಡೇಟಾ ಕಳಿಸುವ ಪದ್ಧತಿ) ಬೋರ್ಡ್ ಇರುವಂಥದ್ದು, ಎ4 ಮತ್ತು ಎ5ಗೆ ಹಾಕಿದ್ದೇನೆ. ಮೇಲಿನ ಸಾಲಿನಲ್ಲಿ ಬರೀ ಕಪ್ಪು ಚೌಕ ಬರುತ್ತವೆ. ಕಂಪ್ಯೂಟರ್‌ನಲ್ಲಿ ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸಿದ್ದನ್ನು ತೋರಿಸುವ ಕಿಟಕಿ) ತೆರೆದರೆ ಅರ್ಥವಿಲ್ಲದ ಕಸ. ಇದರ ಮೇಲೆ ಈಗ ಪ್ರೋಗ್ರಾಂ ಕೂಡ ಅಪ್‌ಲೋಡ್ ಆಗುತ್ತಿಲ್ಲ. ಎಲ್ಲಿ ತಪ್ಪಿದೆ?

ಧಾರವಾಡ_ಸೋಲ್ಡರ್

ತಮ್ಮಾ, ಮೊದಲು ಆ ವೈರ್ ಬಿಚ್ಚು. ಆಮೇಲೆ ಮುಂದೆ ಓದು.

ಆ ಪೋರ್ಟ್ ಆರ್‌ಎಸ್-232. ಒಂದು ವೈರ್‌ನಲ್ಲಿ ಒಂದರ ಹಿಂದೆ ಒಂದು ಬಿಟ್ ಕಳಿಸುವ, ಅಂದರೆ ಸೀರಿಯಲ್, ಪದ್ಧತಿ; 1960ರಿಂದ ಇದೆ. ಅದರಲ್ಲಿ ಮೈನಸ್ 3ರಿಂದ ಮೈನಸ್ 15 ವೋಲ್ಟ್ ಅಂದರೆ 1, ಪ್ಲಸ್ 3ರಿಂದ ಪ್ಲಸ್ 15 ಅಂದರೆ 0. ಸುಮ್ನೆ ಇರುವಾಗ ವೈರ್ ಮೈನಸ್‌ನಲ್ಲೇ ಕೂತಿರುತ್ತದೆ. ನಿನ್ನ ಆರ್ಡುಯಿನೊಗೆ 5 ವೋಲ್ಟ್ ಅಂದರೆ 1, ಸೊನ್ನೆ ಅಂದರೆ 0. ಎಲ್ಲ ಉಲ್ಟಾ. ಅದಕ್ಕೇ ಕಸ ಬಂದಿದ್ದು. ಕಸಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಊನೊದ ಚಿಪ್ ಎಟಿಮೆಗಾ328ಪಿ, ಅದರ ಪಿನ್ ಮೈನಸ್ ಅರ್ಧ ವೋಲ್ಟ್‌ಗಿಂತ ಕೆಳಗೆ ಹೋಗಬಾರದು ಅಂತ ಡೇಟಾಶೀಟ್‌ನಲ್ಲೇ ಬರೆದಿದ್ದಾರೆ. ನೀನು ಕೊಟ್ಟಿದ್ದು ಅದರ ಹತ್ತು ಪಟ್ಟು ಇರಬಹುದು.

ಮಲ್ಟಿಮೀಟರ್ ಇದೆಯಾ? ಕಾಟಾ ಚಾಲೂ ಮಾಡಿ, ಕಪ್ಪು ಪ್ರೋಬ್ 5ನೇ ಪಿನ್ ಮೇಲೆ, ಕೆಂಪು ಪ್ರೋಬ್ ಒಮ್ಮೆ 2ರ ಮೇಲೆ, ಒಮ್ಮೆ 3ರ ಮೇಲೆ ಇಡು. ಮೈನಸ್ ವೋಲ್ಟೇಜ್ ಯಾವುದರಲ್ಲಿ ಬರುತ್ತದೋ ಅದು ಕಾಟಾ ಮಾತಾಡುವ ವೈರ್. ಇನ್ನೊಂದು ಕೇಳುವ ವೈರ್, ಅದು ನಿನಗೆ ಬೇಡವೇ ಬೇಡ. ಆರ್ಡುಯಿನೊದಿಂದ ಕಾಟಾಗೆ ಏನೂ ಹೋಗಬಾರದು, ಸುಮ್ಮನೆ ಕೇಳಿಸಿಕೊಂಡರೆ ಸಾಕು.

ಆಮೇಲೆ, ಈ ವೋಲ್ಟೇಜ್ ಅನ್ನು ಆರ್ಡುಯಿನೊಗೆ ಹೊಂದುವ ಹಾಗೆ ಬದಲಿಸುವ ಮ್ಯಾಕ್ಸ್3232 ಚಿಪ್ ಹಾಕಿದ ಪುಟ್ಟ ಬೋರ್ಡ್ ಸಿಗುತ್ತದೆ, ಒಂಬತ್ತು ಪಿನ್ನಿನ ಕನೆಕ್ಟರ್ ಸಮೇತ. ಅದನ್ನು ತಂದು ನಡುವೆ ಹಾಕು. ಹಳೆಯ ಮ್ಯಾಕ್ಸ್232 ಚಿಪ್ಪೇ ಸಿಕ್ಕರೆ ಅದೂ ನಡೆಯುತ್ತದೆ, ಆದರೆ ನಾಲ್ಕು ಕೆಪಾಸಿಟರ್ ನೀನೇ ಬೆಸೆಯಬೇಕು.

ಶಿಗ್ಗಾಂವಿ_ಡಿಪ್ಲೊಮಾ

ಅಣ್ಣಾ, ನನ್ನ ಹತ್ತಿರ ಮ್ಯಾಕ್ಸ್485 ಬೋರ್ಡ್ ಸುಮ್ನೆ ಬಿದ್ದಿದೆ. ಅದೂ ಸೀರಿಯಲ್ ಅಲ್ವಾ? ಬೇಕಾದರೆ ಕೊಡುತ್ತೇನೆ.

ಧಾರವಾಡ_ಸೋಲ್ಡರ್

ಕೊಡುವ ಮನಸ್ಸಿಗೆ ಥ್ಯಾಂಕ್ಸ್. ಆದರೆ ಅದು ಆರ್‌ಎಸ್-485. ಎರಡು ವೈರ್ ನಡುವಿನ ವ್ಯತ್ಯಾಸ ನೋಡಿ 0, 1 ಗುರುತಿಸುತ್ತದೆ. ಹೆಸರು ಅಕ್ಕಪಕ್ಕದ್ದು, ವೋಲ್ಟೇಜ್ ಬೇರೆ. ಇಲ್ಲಿ ಕೆಲಸಕ್ಕೆ ಬಾರದು. ತೋಟದ ಮನೆಗೂ ಮೋಟಾರ್ ಶೆಡ್ಡಿಗೂ ಅರ್ಧ ಕಿಲೋಮೀಟರ್ ಇದ್ದರೆ ಆಗ ಅದು ಬೇಕು.

ವಿದ್ಯಾನಗರ_ಕೋಡ್

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಉಳಿದ ಎರಡು ತೊಂದರೆ ಬಗ್ಗೆ.

ಅಪ್‌ಲೋಡ್ ಆಗದಿರುವುದು ಸಹಜ. ಊನೊದಲ್ಲಿ ಹಾರ್ಡ್‌ವೇರ್ ಸೀರಿಯಲ್ ಒಂದೇ. ಪಿನ್ 0, 1. ಯುಎಸ್‌ಬಿ ಕೂಡ ಅದೇ ದಾರಿಯಲ್ಲಿ ಬರುತ್ತದೆ. ಯುಎಸ್‌ಬಿ ಚಿಪ್‌ನಿಂದ ಪಿನ್ 0ಗೆ ಬರುವ ದಾರಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇದೆ. ಹೊರಗಿನಿಂದ ನೀವು ಕೊಟ್ಟ ಸಿಗ್ನಲ್‌ಗೆ ಜೋರು ಜಾಸ್ತಿ, ಅದೇ ಗೆಲ್ಲುತ್ತದೆ, ಕಂಪ್ಯೂಟರ್ ಕಳಿಸಿದ್ದು ಒಳಗೆ ಹೋಗುವುದಿಲ್ಲ. ಅಪ್‌ಲೋಡ್ ಮಾಡುವಾಗ ಪಿನ್ 0ರ ವೈರ್ ಕೀಳಬೇಕು. ಅಥವಾ ಸದ್ಯಕ್ಕೆ ಸಾಫ್ಟ್‌ವೇರ್ ಸೀರಿಯಲ್ ಲೈಬ್ರರಿ ಬಳಸಿ ಪಿನ್ 10ಕ್ಕೆ ಹಾಕಿ. ಆಗ ಸೀರಿಯಲ್ ಮಾನಿಟರ್ ಕೂಡ ಬಿಡುವಾಗಿರುತ್ತದೆ, ಏನು ಬರುತ್ತಿದೆ ಅಂತ ಕಣ್ಣಾರೆ ನೋಡಬಹುದು.

ಎಲ್‌ಸಿಡಿಯ ಕಪ್ಪು ಚೌಕ ಅಂದರೆ ಡಿಸ್‌ಪ್ಲೇಗೆ ಕರೆಂಟ್ ಬಂದಿದೆ, ಆದರೆ ಶುರು ಮಾಡು ಅನ್ನುವ ಆಜ್ಞೆ ಮುಟ್ಟಿಲ್ಲ. ಹೆಚ್ಚಾಗಿ ಐ2ಸಿ ವಿಳಾಸದ ಗೊಂದಲ. ಹಿಂದಿನ ಬೋರ್ಡಿನಲ್ಲಿ ಪಿಸಿಎಫ್8574ಟಿ ಇದ್ದರೆ ಸಾಮಾನ್ಯವಾಗಿ 0ಎಕ್ಸ್27, ಪಿಸಿಎಫ್8574ಎ ಇದ್ದರೆ 0ಎಕ್ಸ್3ಎಫ್. ಐ2ಸಿ ಸ್ಕ್ಯಾನರ್ ಅನ್ನುವ ಚಿಕ್ಕ ಪ್ರೋಗ್ರಾಂ ಓಡಿಸಿದರೆ ನಿಮ್ಮದು ಯಾವುದು ಅಂತ ಅದೇ ಹೇಳುತ್ತದೆ. ವಿಳಾಸ ಸರಿ ಮಾಡಿದ ಮೇಲೂ ಅಕ್ಷರ ಕಾಣದಿದ್ದರೆ ಹಿಂದಿನ ನೀಲಿ ಪ್ರಿಸೆಟ್ (ಅಕ್ಷರದ ಗಾಢತೆ ಬದಲಿಸುವ ತಿರುಪು) ಅನ್ನು ಸಣ್ಣ ಸ್ಕ್ರೂ ಡ್ರೈವರ್‌ನಿಂದ ಹಗೂರಕ್ಕೆ ತಿರುಗಿಸಿ.

ಒಂದು ಮಾತು. ಎರಡನ್ನೂ ಒಟ್ಟಿಗೆ ಜೋಡಿಸಿ ಒಟ್ಟಿಗೆ ಹುಡುಕಬೇಡಿ. ಮೊದಲು ಎಲ್‌ಸಿಡಿ ಮೇಲೆ ನಿಮ್ಮ ಊರಿನ ಹೆಸರು ಬರಲಿ. ಆಮೇಲೆ ಕಾಟಾ.

ಬ್ಯಾಡಗಿ_ಅಂಗಡಿ

ಮೂರು ದಿನ ತಡವಾಯಿತು, ಪೇಟೆ ಇತ್ತು.

ಎಲ್‌ಸಿಡಿ ಸರಿಯಾಯಿತು. ವಿಳಾಸ 0ಎಕ್ಸ್3ಎಫ್ ಇತ್ತು, ನಾನು 0ಎಕ್ಸ್27 ಬರೆದಿದ್ದೆ. ಪಿನ್ 0 ಬದುಕಿದೆ. ಪುಲ್‌ಅಪ್ ಹಾಕಿ ಓದಿದರೆ 1 ಬರುತ್ತದೆ, ಗ್ರೌಂಡ್‌ಗೆ ಮುಟ್ಟಿಸಿದರೆ 0.

ಸೋಲ್ಡರ್ ಅಣ್ಣಾ, ನೀವು ಹೇಳಿದ ಹಾಗೆ ಅಳೆದೆ. 3ನೇ ಪಿನ್‌ನಲ್ಲಿ ಏನೂ ಇಲ್ಲ. 2ನೇ ಪಿನ್‌ನಲ್ಲಿ ಮೈನಸ್ ಇದೆ, ಆದರೆ ಒಂದು ಕಡೆ ನಿಲ್ಲುತ್ತಿಲ್ಲ. ಮೈನಸ್ 2, ಮೈನಸ್ 4, ಮತ್ತೆ 3 ಅಂತ ಓಲಾಡುತ್ತಿದೆ. ಪೋರ್ಟ್ ಕೆಟ್ಟಿದೆಯಾ?

ಧಾರವಾಡ_ಸೋಲ್ಡರ್

ಕೆಟ್ಟಿಲ್ಲ, ಚಲೋ ಸುದ್ದಿ ಅದು. ಕಾಟಾ ಒಂದೇ ಸಮ ತೂಕ ಕಳಿಸುತ್ತಿದೆ. ಮೈನಸ್, ಪ್ಲಸ್ ಅಂತ ಅದು ಹಾರಾಡುವಾಗ ನಿನ್ನ ಮೀಟರ್ ಎರಡರ ಸರಾಸರಿ ತೋರಿಸುತ್ತದೆ. ಕೆಲವು ಇಂಡಿಕೇಟರ್‌ಗಳಲ್ಲಿ ಪ್ರಿಂಟ್ ಬಟನ್ ಒತ್ತಿದರೆ ಮಾತ್ರ ಬರುತ್ತದೆ, ಅಂಥದ್ದಾಗಿದ್ದರೆ ಸೆಟ್ಟಿಂಗ್ ಬದಲಿಸಬೇಕಿತ್ತು. ನಿನಗೆ ಆ ತಲೆನೋವು ಇಲ್ಲ. ಬೋರ್ಡ್ ತಂದು ಹಾಕು.

ಇನ್ನೊಂದು ಗಟ್ಟಿಯಾಗಿ ಹೇಳುತ್ತೇನೆ. ಇಂಡಿಕೇಟರ್ ಒಳಗೆ ಕೈ ಹಾಕಬೇಡ. ಅದರ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. 2009ರ ಕಾಯ್ದೆ ಅಡಿ ವ್ಯಾಪಾರದ ಕಾಟಾಗೆ ಪರಿಶೀಲನೆ, ಮುದ್ರೆ ಎರಡೂ ಕಡ್ಡಾಯ. ಅದನ್ನು ಒಡೆದು ಒಳಗಿನ ಲೋಡ್‌ಸೆಲ್ (ಭಾರ ಅಳೆಯುವ ಸೆನ್ಸರ್) ವೈರ್‌ನಿಂದ ಸಿಗ್ನಲ್ ಎಳೆಯಿರಿ ಅಂತ ಹೇಳುವವರು ಸಿಗುತ್ತಾರೆ. ಕೇಳಬೇಡ. ಹೊರಗಿನ ಪೋರ್ಟ್ ಇದೇ ಕೆಲಸಕ್ಕೆ ಕೊಟ್ಟಿದ್ದು.

ಬ್ಯಾಡಗಿ_ಅಂಗಡಿ

ಖಂಡಿತ ಮುಟ್ಟುವುದಿಲ್ಲ ಅಣ್ಣಾ.

ಹುಬ್ಬಳ್ಳಿಗೆ ಹೋದವರ ಕೈಯಲ್ಲಿ ಮ್ಯಾಕ್ಸ್3232 ಬೋರ್ಡ್ ತರಿಸಿದೆ. ಬೋರ್ಡ್ ಮೇಲೆ ಟಿಎಕ್ಸ್, ಆರ್‌ಎಕ್ಸ್ ಅಂತ ಬರೆದಿದ್ದು ಯಾರ ಕಡೆಯಿಂದ ಅಂತ ತಿಳಿಯದೆ ಅರ್ಧ ಗಂಟೆ ಹೋಯಿತು. ಎರಡನ್ನೂ ಒಂದೊಂದಾಗಿ ಪಿನ್ 10ಕ್ಕೆ ಮುಟ್ಟಿಸಿ ನೋಡಿದೆ, ಒಂದರಲ್ಲಿ ಡೇಟಾ ಬಂತು. ಆದರೆ 9600 ಬಾಡ್‌ನಲ್ಲಿ, ಅಂದರೆ ಸೆಕೆಂಡ್‌ಗೆ 9600 ಬಿಟ್ ವೇಗದಲ್ಲಿ, ಮತ್ತೆ ಕಸವೇ. ಇಂಡಿಕೇಟರ್ ಪುಸ್ತಕ ಸಿಗುತ್ತಿಲ್ಲ. ಮಾರಿದ ಅಂಗಡಿಗೆ ಫೋನ್ ಮಾಡಿದರೆ ಮಾದರಿ ಹಳೆಯದು, ಗೊತ್ತಿಲ್ಲ ಅಂದರು. ಬಾಡ್ ರೇಟ್ ಒಂದೊಂದೇ ಹಾಕಿ ನೋಡಬೇಕಾ?

ವಿದ್ಯಾನಗರ_ಕೋಡ್

ಊಹೆ ಮಾಡುವ ಬದಲು ಅಳೆಯಬಹುದು. ಆರ್ಡುಯಿನೊದಲ್ಲಿ ಪಲ್ಸ್‌ಇನ್ ಅನ್ನುವ ಫಂಕ್ಷನ್ ಇದೆ. ಪಿನ್ ಎಷ್ಟು ಮೈಕ್ರೋ ಸೆಕೆಂಡ್ ಕೆಳಗಿತ್ತು ಅಂತ ಅದು ಹೇಳುತ್ತದೆ. ಐನೂರು ಸಲ ಓದಿ, ಅದರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಮಾತ್ರ ಇಟ್ಟುಕೊಳ್ಳಿ. ಆ ಚಿಕ್ಕದ್ದೇ ಒಂದು ಬಿಟ್‌ನ ಅಗಲ. 9600 ಆದರೆ ಸುಮಾರು 104 ಮೈಕ್ರೋ ಸೆಕೆಂಡ್. 4800 ಆದರೆ 208. 2400 ಆದರೆ 417. 1200 ಆದರೆ 833. ಯಾವುದಕ್ಕೆ ಹತ್ತಿರ ಬರುತ್ತದೋ ಅದು.

ಒಂದೊಂದು ಅಕ್ಷರದಲ್ಲಿ ಬಿಟ್‌ಗಳ ಜೋಡಣೆ ಒಂದೊಂದು ಥರ. ಸೊನ್ನೆ ಅನ್ನುವ ಅಕ್ಷರದಲ್ಲಿ ಒಂಟಿ ಬಿಟ್ ಕೆಳಗೆ ಬರುವುದೇ ಇಲ್ಲ, ಎರಡು ಅಥವಾ ಐದು ಒಟ್ಟಿಗೇ ಬರುತ್ತವೆ. ಹಾಗಾಗಿ ಕಾಟಾ ಮೇಲೆ ಏನಾದರೂ ಇಟ್ಟು ಅಳೆಯಿರಿ. 1, 5 ಅಂಥ ಅಂಕಿ ಬಂದರೆ ಒಂಟಿ ಬಿಟ್ ಸಿಗುತ್ತದೆ.

ಬ್ಯಾಡಗಿ_ಅಂಗಡಿ

412 ಬಂತು, ಇನ್ನೊಮ್ಮೆ 416. ಅಂದರೆ 2400. ಹಾಕಿದೆ, ಸಾಲು ಬರಲಿಕ್ಕೆ ಶುರುವಾಯಿತು! ಮಾವನನ್ನು ಕರೆದು ತೋರಿಸಿದೆ. ಕಿಲೋ ಅನ್ನುವ ಗುರುತು, ಚುಕ್ಕೆ, ಕೆಲವು ಅಂಕಿ ಎಲ್ಲ ಇವೆ.

ಆದರೆ ಈಗ ಬೇರೆ ವಿಚಿತ್ರ. 50 ಕಿಲೋದ ಪರೀಕ್ಷೆ ಕಲ್ಲು ಇಟ್ಟರೆ 50.00 ಬರೋಬ್ಬರಿ ಬರುತ್ತದೆ. ಅದರ ಜೊತೆ 20 ಕಿಲೋದ್ದು ಇಟ್ಟರೆ 70 ಬರಬೇಕಲ್ಲ, 7ರ ಜಾಗದಲ್ಲಿ ಎಲ್‌ಸಿಡಿ ಮೇಲೆ ಏನೋ ಜಪಾನಿ ಅಕ್ಷರದಂಥದ್ದು, ಪಕ್ಕದಲ್ಲಿ 0. ಮೆಣಸಿನಕಾಯಿ ಚೀಲ ಇಟ್ಟರೆ 48.65ರಲ್ಲಿ 4 ಮತ್ತು 8 ಹೋಗಿ ಅವೇ ಜಪಾನಿ ಅಕ್ಷರ, 6 ಮತ್ತು 5 ಸರಿ. ವೈರ್ ಬಿಗಿ ಮಾಡಿದೆ, ಗ್ರೌಂಡ್ ನೋಡಿದೆ, ಬೋರ್ಡ್ ಕೂಡ ಬದಲಿಸಿದೆ. ಪ್ರತಿ ಸಲ ಅದೇ ಅಂಕಿ ಕೆಡುತ್ತದೆ. ಸಡಿಲ ವೈರ್ ಆಗಿದ್ದರೆ ಹೀಗೆ ಆರಿಸಿ ಆರಿಸಿ ಕೆಡಿಸುತ್ತಾ?

ಗದಗ_ಪ್ರೆಸ್‌ಮನೆ

ಒಂದು ಕೆಲಸ ಮಾಡಿ. 0ಯಿಂದ 9ರವರೆಗೆ ಯಾವ ಅಂಕಿ ಸರಿ ಬರುತ್ತದೆ, ಯಾವುದು ಕೆಡುತ್ತದೆ ಅಂತ ಒಂದು ಚೀಟಿ ಮೇಲೆ ಬರೆದು ಇಲ್ಲಿ ಹಾಕಿ. ನಾನು ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತೇನೆ. ಒಂದು ಹಳೆಯ ಕಟಿಂಗ್ ಮಷಿನ್‌ನ ಕೌಂಟರ್‌ನಲ್ಲಿ ಇದೇ ಆಟ ನೋಡಿದ್ದೆ. ನನಗೆ ಅನುಮಾನ ಬಂದಿದೆ, ಆದರೆ ಚೀಟಿ ನೋಡಿ ಹೇಳುತ್ತೇನೆ.

ಬ್ಯಾಡಗಿ_ಅಂಗಡಿ

ಅಕ್ಕಾ, ಸಣ್ಣ ತೂಕದ ಕಲ್ಲು ಇಟ್ಟು ತೆಗೆದು ಎಲ್ಲ ನೋಡಿದೆ. ಸರಿ ಬರುವುದು 0, 3, 5, 6, 9. ಕೆಡುವುದು 1, 2, 4, 7, 8.

ಗದಗ_ಪ್ರೆಸ್‌ಮನೆ

ಸಿಕ್ಕಿತು. ನಿಮ್ಮ ಕಾಟಾ 7ಇ1 ಲೆಕ್ಕದಲ್ಲಿ ಕಳಿಸುತ್ತಿದೆ, ನೀವು 8ಎನ್1 ಅಂತ ಓದುತ್ತಿದ್ದೀರಿ.

ವಿವರಿಸುತ್ತೇನೆ. 7ಇ1 ಅಂದರೆ ಏಳು ಡೇಟಾ ಬಿಟ್, ಎಂಟನೆಯದು ಪ್ಯಾರಿಟಿ, ಕೊನೆಗೆ ಒಂದು ಸ್ಟಾಪ್. 8ಎನ್1 ಅಂದರೆ ಎಂಟೂ ಡೇಟಾ, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್. ಪ್ಯಾರಿಟಿ ಕಾವಲುಗಾರನ ಥರ. ಏಳು ಬಿಟ್‌ನಲ್ಲಿ 1ಗಳ ಸಂಖ್ಯೆ ಬೆಸ ಇದ್ದರೆ ತಾನೂ 1 ಆಗಿ ಸಮ ಮಾಡುತ್ತದೆ, ಮೊದಲೇ ಸಮ ಇದ್ದರೆ 0 ಆಗಿ ಸುಮ್ಮನಿರುತ್ತದೆ. ಆಸ್ಕಿ (ಅಕ್ಷರಗಳಿಗೆ ಕೊಟ್ಟ ಸಂಖ್ಯೆಗಳ ಪಟ್ಟಿ) ಲೆಕ್ಕದಲ್ಲಿ 0 ಅನ್ನುವ ಅಂಕಿ 0110000. ಎರಡು 1, ಸಮ. ಹಾಗಾಗಿ ಅದು ಕೆಡುವುದಿಲ್ಲ. 1 ಅನ್ನುವ ಅಂಕಿ 0110001. ಮೂರು 1, ಬೆಸ. ಮುಂದೆ ಒಂದು 1 ಸೇರಿ ಅದು 10110001 ಆಗುತ್ತದೆ. ನೀವು ಎಂಟೂ ಬಿಟ್ ಡೇಟಾ ಅಂತ ಓದಿದ್ದರಿಂದ ಅದು ಬೇರೆಯೇ ಅಕ್ಷರವಾಯಿತು. ಹತ್ತೂ ಅಂಕಿ ಹೀಗೆ ಬರೆದು ಎಣಿಸಿ ನೋಡಿ, ಸಮ ಬರುವುದು 0, 3, 5, 6, 9 ಮಾತ್ರ. ನಿಮ್ಮ ಚೀಟಿಯಲ್ಲಿ ಇದ್ದದ್ದೇ ಅದು.

ಆ ಜಪಾನಿ ಅಕ್ಷರಗಳು ನಿಜವಾಗಿಯೂ ಜಪಾನಿಯೇ. ಈ 16×2 ಎಲ್‌ಸಿಡಿಗಳ ಮೂಲ ಚಿಪ್ ಹಿಟಾಚಿ ಕಂಪನಿಯ ಎಚ್‌ಡಿ44780. ಅದರ ಅಕ್ಷರ ಪಟ್ಟಿಯ ಮೇಲಿನ ಅರ್ಧದಲ್ಲಿ ಕಟಕಾನಾ ಲಿಪಿ ತುಂಬಿದ್ದಾರೆ. 1ರ ಜಾಗದಲ್ಲಿ ನಿಮಗೆ ಕಂಡದ್ದು ಅವರ ಅ, 2ರ ಜಾಗದಲ್ಲಿ ಇ, 4ಕ್ಕೆ ಎ, 7ಕ್ಕೆ ಕಿ, 8ಕ್ಕೆ ಕು.

ವಿದ್ಯಾನಗರ_ಕೋಡ್

ಅಕ್ಕಾ, ಅದ್ಭುತ. ನಾನು ವಾರಗಟ್ಟಲೆ ವೈರ್‌ನಲ್ಲೇ ಹುಡುಕುತ್ತಿದ್ದೆ.

ಪರಿಹಾರ ಸುಲಭ. 7ಇ1 ಮತ್ತು 8ಎನ್1 ಎರಡರಲ್ಲೂ ಸ್ಟಾರ್ಟ್, ಸ್ಟಾಪ್ ಸೇರಿ ಒಟ್ಟು ಹತ್ತೇ ಬಿಟ್. ಅದಕ್ಕೇ ಸಾಲು ಕದಲದೆ ಬರುತ್ತಿದೆ. ಸಾಫ್ಟ್‌ವೇರ್ ಸೀರಿಯಲ್‌ಗೆ 8ಎನ್1 ಬಿಟ್ಟು ಬೇರೆ ಬರುವುದಿಲ್ಲ. ಆದ್ದರಿಂದ ಬಂದ ಪ್ರತಿ ಅಕ್ಷರವನ್ನು 0ಎಕ್ಸ್7ಎಫ್ ಜೊತೆ ಆ್ಯಂಡ್ ಮಾಡಿ, ಮೇಲಿನ ಬಿಟ್ ಉದುರುತ್ತದೆ. ಮುಂದೆ ಹಾರ್ಡ್‌ವೇರ್ ಸೀರಿಯಲ್‌ಗೆ ಹೋದರೆ ಶುರು ಮಾಡುವಾಗಲೇ 2400ರ ಪಕ್ಕದಲ್ಲಿ ಸೀರಿಯಲ್_7ಇ1 ಅಂತ ಬರೆಯಬಹುದು.

ಇನ್ನು ಸಾಲು ಓದುವ ರೀತಿ. ಅಕ್ಷರ ಬಂದ ಹಾಗೆ ಡಿಸ್‌ಪ್ಲೇಗೆ ತಳ್ಳಬೇಡಿ. ಸಾಲಿನ ಕೊನೆಯ ಗುರುತು ಬರುವವರೆಗೆ 24 ಅಕ್ಷರ ಹಿಡಿಯುವ ಒಂದು ಅರೇಯಲ್ಲಿ (ಪ್ರೋಗ್ರಾಂನೊಳಗಿನ ಖಾನೆಗಳ ಸಾಲು) ಕೂಡಿಡಿ, ಪೂರ್ತಿ ಬಂದ ಮೇಲೆ ಅದರಿಂದ ತೂಕ ತೆಗೆಯಿರಿ. ಸ್ಟ್ರಿಂಗ್ ಕ್ಲಾಸ್ ಬಳಸಬೇಡಿ. ಊನೊದಲ್ಲಿ ಇರುವುದು ಬರೀ 2 ಕೆಬಿ ರ‍್ಯಾಮ್, ದಿನವಿಡೀ ಓಡುವ ಯಂತ್ರದಲ್ಲಿ ಅದು ಚೂರು ಚೂರಾಗಿ ಸಂಜೆ ಹೊತ್ತಿಗೆ ನಿಂತುಬಿಡಬಹುದು. ಪ್ರತಿ ಸಲ ಎಲ್‌ಸಿಡಿ ಕ್ಲಿಯರ್ ಮಾಡಿದರೆ ಮಿಣುಕುತ್ತದೆ, ಹಳೆಯ ಅಂಕಿ ಮೇಲೆಯೇ ಹೊಸದು ಬರೆಯಿರಿ.

ಬ್ಯಾಡಗಿ_ಅಂಗಡಿ

ಬಂತು! 48.65 ಅಂದರೆ 48.65. ಇಂಡಿಕೇಟರ್‌ನಲ್ಲಿ ಏನಿದೆಯೋ ಅದೇ. ಎಲ್ಲರಿಗೂ ಮನಸ್ಸಿನಿಂದ ಥ್ಯಾಂಕ್ಸ್.

ಈಗ ದೊಡ್ಡ ಡಿಸ್‌ಪ್ಲೇ. ನನ್ನ ಹತ್ತಿರ ಮ್ಯಾಕ್ಸ್7219 ಚಿಪ್ಪಿನ ಕೆಂಪು ಡಾಟ್ ಮ್ಯಾಟ್ರಿಕ್ಸ್ ಇದೆ, ನಾಲ್ಕು ಚೌಕ ಸೇರಿದ್ದು. ಅದು ಸಾಕಾಗುತ್ತಾ?

ಕುಂದಗೋಳ_ರೈತ

ನನಗೆ ಈ ವೈರಿನ ವಿಷಯ ತಿಳಿಯದು. ಆದರೆ ಪ್ರತಿ ವರ್ಷ ಬ್ಯಾಡಗಿಗೆ ಡಬ್ಬಿ ಮೆಣಸಿನಕಾಯಿ ತರುವವನು ನಾನು. ಮೊದಲಿನಿಂದ ಎಲ್ಲ ಓದಿದೆ. ನೀವು ಮಾಡುತ್ತಿರುವುದು ನಮಗೆ ಭಾಳ ಬೇಕಾದ ಕೆಲಸ, ಅದಕ್ಕೆ ನಾಲ್ಕು ಮಾತು ಬರೆಯುತ್ತೇನೆ.

ಅಂಕಿ ದೊಡ್ಡದಿರಲಿ. ನಾವು ಕಾಟಾದಿಂದ ಹತ್ತು ಹೆಜ್ಜೆ ದೂರ ಚೀಲಗಳ ನಡುವೆ ಇರುತ್ತೇವೆ, ಮಧ್ಯಾಹ್ನದ ಬಿಸಿಲು ಎದುರಿಗೆ. ಘಾಟಿಗೆ ಕಣ್ಣಲ್ಲಿ ನೀರು ಬೇರೆ. ಸಣ್ಣ ಅಂಕಿ ಹಾಕಿದರೆ ಮತ್ತೆ ಹತ್ತಿರ ಹೋಗಬೇಕು, ಆಗ ಏನು ಉಪಯೋಗ? ಕ್ವಿಂಟಲ್‌ಗೆ 30 ಸಾವಿರ ಸಿಕ್ಕಿತು ಅಂತ ಇಟ್ಟುಕೊಳ್ಳಿ, ಒಂದು ಕಿಲೋಗೆ 300 ರೂಪಾಯಿ ಆಯಿತು. ಅರ್ಧ ಕಿಲೋ ಕಣ್ಣು ತಪ್ಪಿದರೂ ಒಬ್ಬ ಆಳಿನ ಅರ್ಧ ದಿನದ ಪಗಾರ.

ನಾವು ಮೊದಲು ನೋಡುವುದು ತೂಕ ಅಲ್ಲ. ಚೀಲ ಇಡುವ ಮೊದಲು ಸೊನ್ನೆ ಇತ್ತಾ ಅಂತ ನೋಡುತ್ತೇವೆ. ಚೀಲ ಇಳಿಸಿದ ಮೇಲೆ ಮತ್ತೆ ಸೊನ್ನೆಗೆ ಬಂತಾ ಅಂತ ನೋಡುತ್ತೇವೆ. ಅದಕ್ಕೆ ಖಾಲಿ ಇದ್ದಾಗ ಡಿಸ್‌ಪ್ಲೇ ಆರಿಸಬೇಡಿ, ಸೊನ್ನೆಯನ್ನೂ ತೋರಿಸಿ.

ವಿದ್ಯಾನಗರ_ಕೋಡ್

ಕಾಕಾ ಹೇಳಿದ್ದು ಬರೋಬ್ಬರಿ. ಮ್ಯಾಕ್ಸ್7219ರ ಆ ಚೌಕ ಒಂದೊಂದು 32 ಮಿಲಿಮೀಟರ್, ಅಂಕಿಯ ಎತ್ತರ ಮೂರು ಸೆಂಟಿಮೀಟರ್ ಕೂಡ ಇರುವುದಿಲ್ಲ. ಅಂಗಡಿ ಒಳಗೆ ಚಂದ, ಬಿಸಿಲಿಗೆ ಸಾಲದು.

ಪಿ10 ಪ್ಯಾನೆಲ್ ತೆಗೆದುಕೊಳ್ಳಿ. ಅಂಗಡಿಗಳ ಮುಂದೆ ಕೆಂಪು ಅಕ್ಷರ ಓಡುವ ಬೋರ್ಡ್ ನೋಡಿರುತ್ತೀರಲ್ಲ, ಅದೇ. 10 ಅಂದರೆ ಎರಡು ದೀಪಗಳ ನಡುವೆ 10 ಮಿಲಿಮೀಟರ್. ಅಡ್ಡ 32, ಉದ್ದ 16 ದೀಪ, ಅಳತೆ 32 ಸೆಂಟಿಮೀಟರ್‌ಗೆ 16. ಎರಡು ಪ್ಯಾನೆಲ್ ಪಕ್ಕಪಕ್ಕ ಹಾಕಿದರೆ 148.65 ಅಂಥ ತೂಕ ಮೈನಸ್ ಗುರುತಿನ ಸಮೇತ ಆರಾಮಾಗಿ ಕೂರುತ್ತದೆ, ಅಂಕಿ ಹೆಚ್ಚು ಕಡಿಮೆ ಪ್ಯಾನೆಲ್‌ನಷ್ಟೇ ಎತ್ತರ. ಹೊರಗೆ ಬಳಸುವ ಪ್ಯಾನೆಲ್ಲೇ ಕೇಳಿ ತೆಗೆದುಕೊಳ್ಳಿ. ಎರಡು ಪ್ಯಾನೆಲ್‌ಗೆ 5 ವೋಲ್ಟ್ 10 ಆಂಪಿಯರ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬೇಕು. ಆರ್ಡುಯಿನೊದ 5 ವೋಲ್ಟ್ ಪಿನ್‌ನಿಂದ ಪ್ಯಾನೆಲ್ ಓಡಿಸಲಿಕ್ಕೆ ಹೋಗಬೇಡಿ. ಎಸ್‌ಎಂಪಿಎಸ್, ಆರ್ಡುಯಿನೊ, ಪ್ಯಾನೆಲ್ ಮೂರರ ಗ್ರೌಂಡ್ ಒಂದೇ ಇರಲಿ.

ಪ್ಯಾನೆಲ್ ಓಡಿಸಲಿಕ್ಕೆ ಡಿಎಂಡಿ ಲೈಬ್ರರಿ ಬಳಸಿದರೆ ಪಿನ್ 6, 7, 8, 9, 11, 13 ಅದಕ್ಕೇ ಹೋಗುತ್ತವೆ. ಇಲ್ಲಿ ಒಂದು ಸಿಕ್ಕು ಇದೆ. ಈ ಪ್ಯಾನೆಲ್ ತಾನಾಗಿ ಬೆಳಗಿಕೊಂಡು ಇರುವುದಿಲ್ಲ, ಆರ್ಡುಯಿನೊ ಕೆಲವು ಮಿಲಿ ಸೆಕೆಂಡ್‌ಗೊಮ್ಮೆ ಟೈಮರ್ ಇಂಟರಪ್ಟ್‌ನಲ್ಲಿ (ಹೊತ್ತು ಆದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಮಾಡುವ ಕೆಲಸ) ಸಾಲು ಸಾಲಾಗಿ ಅದನ್ನು ಹೊತ್ತಿಸುತ್ತಿರಬೇಕು. ಸಾಫ್ಟ್‌ವೇರ್ ಸೀರಿಯಲ್ ಒಂದು ಅಕ್ಷರ ಓದುವಷ್ಟು ಹೊತ್ತು ಎಲ್ಲ ಇಂಟರಪ್ಟ್ ತಡೆದು ನಿಲ್ಲಿಸುತ್ತದೆ. 2400ರಲ್ಲಿ ಒಂದು ಅಕ್ಷರಕ್ಕೆ ನಾಲ್ಕು ಮಿಲಿ ಸೆಕೆಂಡ್ ಬೇಕು. ಹಾಗಾಗಿ ಎರಡೂ ಜಗಳ ಆಡುತ್ತವೆ. ಅಂಕಿ ನಡುಗುತ್ತದೆ, ಕೆಲವು ಸಲ ಅಕ್ಷರವೇ ತಪ್ಪುತ್ತದೆ. ಈಗ ಹಾರ್ಡ್‌ವೇರ್ ಸೀರಿಯಲ್‌ಗೆ ಬನ್ನಿ. ಪಿನ್ 0ಗೆ ಮ್ಯಾಕ್ಸ್3232, ನಡುವೆ ಒಂದು ಜಂಪರ್, ಅಪ್‌ಲೋಡ್ ಮಾಡುವಾಗ ಜಂಪರ್ ಕೀಳಿ. ಜಂಪರ್ ಬೇಡ ಅಂದರೆ ಆರ್ಡುಯಿನೊ ಮೆಗಾ, ಅದರಲ್ಲಿ ನಾಲ್ಕು ಹಾರ್ಡ್‌ವೇರ್ ಸೀರಿಯಲ್ ಇವೆ.

ಶಿಗ್ಗಾಂವಿ_ಡಿಪ್ಲೊಮಾ

ಕನ್ನಡ ಅಂಕಿ ಹಾಕಿದರೆ ಹೇಗೆ? ನಮ್ಮ ಊರಿನ ಡಿಸ್‌ಪ್ಲೇ, ನಮ್ಮ ಅಂಕಿ. ಪಿ10ಗೆ ನಾವೇ ಫಾಂಟ್ ಬರೆಯಬಹುದಲ್ವಾ?

ಗದಗ_ಪ್ರೆಸ್‌ಮನೆ

ಬರೆಯಬಹುದು, ನನಗೂ ಆಸೆ ಇದೆ. ಪ್ರೆಸ್‌ನಲ್ಲಿ ಕನ್ನಡ ಅಂಕಿ ದಿನಾ ನೋಡುವವಳು ನಾನು. ಆದರೆ ಕೆಲವೇ ದೀಪಗಳಲ್ಲಿ ೬ ಮತ್ತು ೯ ಬಿಡಿಸಿ ನೋಡಿ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ತೂಕದಲ್ಲಿ ಅದು ಆಗಬಾರದು. ಇಂಡಿಕೇಟರ್‌ನಲ್ಲಿ ಯಾವ ಅಂಕಿ ಇದೆಯೋ, ಪಟ್ಟಿಯಲ್ಲಿ ಯಾವುದು ಬರೆಯುತ್ತೀರೋ ಅದೇ ಮೇಲೂ ಇರಲಿ. ಮೂರೂ ಕಡೆ ತಾಳೆ ನೋಡಲಿಕ್ಕೆ ರೈತರಿಗೆ ಸುಲಭ. ಕನ್ನಡವನ್ನು ಬೋರ್ಡಿನ ತಲೆ ಮೇಲೆ ತೂಕ ಅಂತ ದೊಡ್ಡದಾಗಿ ಬರೆಸಿ.

ನನ್ನ ಕಡೆಯಿಂದ ಒಂದು ಮುಖ್ಯ ಮಾತು. ಕಾಟಾದಿಂದ ಬರುವ ವೈರ್ ಹಮಾಲರ ಕಾಲಿಗೆ ಸಿಕ್ಕಿ ಕಿತ್ತುಹೋದರೆ ನಿಮ್ಮ ಡಿಸ್‌ಪ್ಲೇ ಏನು ತೋರಿಸುತ್ತದೆ? ಈಗಿನ ಪ್ರೋಗ್ರಾಂನಲ್ಲಿ ಕೊನೆಗೆ ಬಂದ ತೂಕ ಹಾಗೇ ನಿಂತಿರುತ್ತದೆ. ಹೊಸ ಚೀಲ ಇಟ್ಟರೂ ಹಳೆಯ ಚೀಲದ ತೂಕ. ಅದು ಕಸ ಅಕ್ಷರಕ್ಕಿಂತ ಕೆಟ್ಟದ್ದು, ಯಾಕೆಂದರೆ ನೋಡಲಿಕ್ಕೆ ಸರಿಯಾಗೇ ಕಾಣುತ್ತದೆ. ಒಂದು ಸೆಕೆಂಡ್ ಹೊಸ ಸಾಲು ಬರದಿದ್ದರೆ ಅಂಕಿ ಅಳಿಸಿ ಬರೀ ಗೆರೆ ತೋರಿಸಿ. ಪೂರ್ತಿ ಸಾಲು ಬಾರದಿದ್ದರೆ, ಅಂಕಿಯ ಜಾಗದಲ್ಲಿ ಅಂಕಿ ಅಲ್ಲದ್ದು ಇದ್ದರೆ, ಆ ಸಾಲು ಬಿಟ್ಟುಬಿಡಿ. ಕಾಟಾ ಹೇಳಿದ್ದನ್ನು ಹೇಳಬೇಕು, ಇಲ್ಲದಿದ್ದರೆ ಏನೂ ಹೇಳಬಾರದು.

ಧಾರವಾಡ_ಸೋಲ್ಡರ್

ಇದನ್ನು ಪ್ರತಿಯೊಬ್ಬರೂ ಎರಡು ಸಲ ಓದಿ.

ವೈರ್ ಬಗ್ಗೆ. ಆರ್‌ಎಸ್-232 ವೈರ್ 15 ಮೀಟರ್ ಒಳಗೆ ಇರಲಿ ಅಂತ ಹಳೆಯ ರೂಢಿ, 2400ರಷ್ಟು ನಿಧಾನಕ್ಕೆ ಅಷ್ಟು ದೂರ ಏನೂ ತೊಂದರೆ ಇಲ್ಲ. ಮ್ಯಾಕ್ಸ್3232 ಬೋರ್ಡ್ ಡಿಸ್‌ಪ್ಲೇ ಪೆಟ್ಟಿಗೆಯಲ್ಲಿ ಇಡು, ದೂರ ಹೋಗುವುದು ಆರ್‌ಎಸ್-232ರ ದೊಡ್ಡ ವೋಲ್ಟೇಜ್ ಆಗಿರಲಿ, 5 ವೋಲ್ಟ್‌ನ ಸಿಗ್ನಲ್ ಬೇಡ. ಶೀಲ್ಡ್ ಇರುವ ಕೇಬಲ್, ಪೈಪ್ ಒಳಗೆ. ಕನೆಕ್ಟರ್‌ನ ಎರಡೂ ಸ್ಕ್ರೂ ಬಿಗಿ ಮಾಡು, ಸುಮ್ನೆ ಸಿಕ್ಕಿಸಿ ಬಿಡಬೇಡ. ಮೆಣಸಿನಕಾಯಿ ಧೂಳು ಎಲ್ಲ ಕಡೆ ನುಗ್ಗುತ್ತದೆ, ಪೆಟ್ಟಿಗೆಗೆ ರಬ್ಬರ್ ಅಂಚು ಇರಲಿ. ಮೇಲೆ ಬಿಸಿಲಿಗೆ ಒಂದು ತಗಡಿನ ಮರೆ.

ಬ್ಯಾಡಗಿ_ಅಂಗಡಿ

ಹದಿನೈದು ದಿನ ಆಯಿತು. ಎಲ್ಲ ಮಾಡಿದೆ, ಪ್ಯಾನೆಲ್ ಆಚೆ ಕಡೆ ಗೋಡೆಗೆ ಏರಿದೆ. ಹಾರ್ಡ್‌ವೇರ್ ಸೀರಿಯಲ್, 2400, 7ಇ1. ಅಂಕಿ ಒಂದು ಚೂರೂ ನಡುಗುವುದಿಲ್ಲ. ವೈರ್ ಕಿತ್ತರೆ ಒಂದು ಸೆಕೆಂಡ್‌ಗೆ ಗೆರೆ ಬರುತ್ತದೆ, ಹತ್ತು ಸಲ ಕಿತ್ತು ನೋಡಿದ್ದೇನೆ.

ಒಂದು ತಪ್ಪು ಸಿಕ್ಕಿತು, ಸಿಕ್ಕಿದ್ದು ಕಾಕಾ ಹೇಳಿದ ಸೊನ್ನೆ ಮಾತಿನಿಂದ. ಮೊದಲ ದಿನ ಖಾಲಿ ಗೋಣಿ ಇಟ್ಟು ಟೇರ್ (ಗೋಣಿ ತೂಕ ಕಳೆಯುವ ಬಟನ್) ಒತ್ತಿದೆವು, ಸೊನ್ನೆ ಬಂತು. ಗೋಣಿ ತೆಗೆದೆವು. ಡಿಸ್‌ಪ್ಲೇ ಮೇಲೆ 0.95. ಆಚೆ ನಿಂತ ರೈತರೊಬ್ಬರು ತಕ್ಷಣ ಕೇಳಿದರು, ಖಾಲಿ ಕಾಟಾ ಮೇಲೆ ಸುಮಾರು ಒಂದು ಕಿಲೋ ಯಾಕೆ ಬರುತ್ತಿದೆ ಅಂತ. ಇಂಡಿಕೇಟರ್ ನೋಡಿದೆ, ಅಲ್ಲಿ ಮೈನಸ್ 0.95. ನಾನು ಸಾಲಿನಿಂದ ಅಂಕಿ ಮತ್ತು ಚುಕ್ಕೆ ಮಾತ್ರ ತೆಗೆಯುತ್ತಿದ್ದೆ, ಮೈನಸ್ ಗುರುತು ಬಿಟ್ಟುಹೋಗಿತ್ತು. ಅವರ ಮುಂದೆಯೇ ಡಿಸ್‌ಪ್ಲೇ ಬಂದ್ ಮಾಡಿ, ಆ ದಿನ ಹಳೆಯ ರೀತಿಯಲ್ಲೇ ತೂಗಿದೆವು. ರಾತ್ರಿ ಸರಿ ಮಾಡಿದೆ. ಈಗ ಮೈನಸ್ ಇದ್ದರೆ ಗೆರೆ ಮೂರು ದೀಪ ದಪ್ಪ, ಅಂಕಿಗಿಂತ ಮೊದಲು ಅದೇ ಕಣ್ಣಿಗೆ ಬೀಳುತ್ತದೆ.

ತೂಕ ಇನ್ನೂ ಅಲುಗುತ್ತಿದ್ದರೆ ನಮ್ಮ ಇಂಡಿಕೇಟರ್ ಸಾಲಿನ ಶುರುವಿನಲ್ಲಿ ಯುಎಸ್ ಅಂತ, ನಿಂತ ಮೇಲೆ ಎಸ್‌ಟಿ ಅಂತ ಕಳಿಸುತ್ತದೆ. ನಿಂತಾಗ ಮಾತ್ರ ಅಂಕಿ ತೋರಿಸಲಾ, ಅಥವಾ ಯಾವಾಗಲೂ ತೋರಿಸಲಾ?

ಕುಂದಗೋಳ_ರೈತ

ಯಾವಾಗಲೂ ತೋರಿಸಿ. ಅಂಕಿ ಏರುವುದು, ನಿಲ್ಲುವುದು ಎರಡೂ ನಮಗೆ ಕಾಣಬೇಕು. ನಿಂತಾಗ ಒಂದು ಗುರುತು ಹಾಕಿ, ಅದು ಬಂದ ಮೇಲೆಯೇ ನಿಮ್ಮವರು ಬರೆದುಕೊಳ್ಳಲಿ.

ಬ್ಯಾಡಗಿ_ಅಂಗಡಿ

ಹಾಗೇ ಮಾಡುತ್ತೇನೆ ಕಾಕಾ. ಬಲಗಡೆ ತುದಿಯಲ್ಲಿ ಒಂದು ಚೌಕ, ತೂಕ ನಿಂತಾಗ ಹತ್ತುತ್ತದೆ. ಗುರುವಾರ ಆ ಹದಿನೇಳು ಚೀಲದ ಅಜ್ಜ ಉಳಿದ ಮಾಲು ತರುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ಚೌಕ ಹಾಕಿ ಮುಗಿಸುತ್ತೇನೆ. ಪ್ರೋಗ್ರಾಂ ಪೂರ್ತಿ ಇಲ್ಲೇ ಹಾಕುತ್ತೇನೆ, ಪಕ್ಕದ ಇಬ್ಬರು ಅಂಗಡಿಯವರು ಈಗಾಗಲೇ ಕೇಳಿದ್ದಾರೆ. ಅವರ ಕಾಟಾಗಳು ಬೇರೆ ಮಾದರಿ, ಆದ್ದರಿಂದ ಮೊದಲು ಮಲ್ಟಿಮೀಟರ್ ಹಿಡಿದುಕೊಂಡೇ ಹೋಗುತ್ತೇನೆ.